ಹದಿನಾರರ ಪ್ರೀತಿಯ ಕಥೆಗೆ ಕತ್ತಲು ಎಲ್ಲಿಂದ ತರೋದು?

ಮದ್ದೂರು ಸೀಮೆ ಮೇಷ್ಟ್ರು:

ಎಲ್ಲರಿಗೂ ನಮಸ್ಕಾರ. ಪಿಯು ಕಾಲೇಜಲ್ಲಿ ಕನ್ನಡ ಪಾಠ ಮಾಡೋನು ನಾನು. ಮೂರು ವರ್ಷದಿಂದ ಒಂದೇ ಕಥೆಯ ಹಿಂದೆ ಬಿದ್ದಿದ್ದೀನಿ, ಕೈಗೆ ಸಿಗ್ತಿಲ್ಲ. ಇಲ್ಲಿ ಓದೋರೂ ಬರೆಯೋರೂ ಇದ್ದೀರಿ ಅಂತ ಧೈರ್ಯ ಮಾಡಿ ಕೇಳ್ತಿದ್ದೀನಿ.

ಕಥೆ ಇಷ್ಟು. ಹುಡುಗನಿಗೆ ಹದಿನೇಳು, ಹುಡುಗಿಗೆ ಹದಿನಾರು. ಅಕ್ಕಪಕ್ಕದ ಊರು, ಒಂದೇ ಬಸ್ಸು. ಅವನು ರಾತ್ರಿ ಎದ್ದು ಗದ್ದೆಗೆ ಹೋಗಿ ಮೋಟಾರ್ ಹಾಕಬೇಕು, ತ್ರೀ ಫೇಸ್ ಕರೆಂಟ್ ಬರೋದೇ ಆ ಹೊತ್ತಿಗೆ. ಕರೆಂಟ್ ಹೋದಾಗಲೆಲ್ಲ ಹುಡುಗಿಯ ಬಲ ಅಂಗೈ ಮಿಂಚುಹುಳದ ಹಾಗೆ ಬೆಳಗುತ್ತೆ. ಯಾಕೆ ಅಂತ ಯಾರಿಗೂ ಗೊತ್ತಿಲ್ಲ. ಹುಡುಗಿಯ ಅಪ್ಪ, ಮಾವ, ಮನೆಯವರಿಗೆಲ್ಲ ವಿಷಯ ತಿಳಿದು ಗಲಾಟೆ ಆಗುತ್ತೆ. ಕೊನೆಗೆ ಇಬ್ಬರೂ ಕೈ ಹಿಡಿದುಕೊಂಡು ನಾಲೆಗೆ ಇಳೀತಾರೆ. ಅಮಾವಾಸ್ಯೆ ರಾತ್ರಿಗಳಲ್ಲಿ ನೀರಿನ ಅಡಿ ಎರಡು ಬೆಳಕು ಜೊತೆಜೊತೆಯಾಗಿ ಹರಿದುಹೋಗೋದನ್ನ ಊರವರು ನೋಡ್ತಾರೆ.

ಬರೆದ ದಿನ ನನಗೇ ಕಣ್ಣು ತುಂಬಿತ್ತು. ತಿಂಗಳು ಬಿಟ್ಟು ಓದಿದರೆ ಎಲ್ಲೋ ಸುಳ್ಳು ಹೇಳಿದ ಹಾಗಿದೆ. ದಿನನಿತ್ಯದ ಬದುಕಿನ ನಡುವೆ ಮಾಯೆಯೂ ಸಹಜವಾಗಿ ನಡೆಯೋ ಬರವಣಿಗೆಗೆ ಮಾಂತ್ರಿಕ ವಾಸ್ತವತೆ ಅಂತಾರಲ್ಲ, ಅದು ನಮ್ಮ ಮಂಡ್ಯದ ಮಣ್ಣಿಗೆ ಒಗ್ಗೋದಿಲ್ವೋ, ನನಗೆ ಬರೆಯೋಕೆ ಬರೋದಿಲ್ವೋ ತಿಳೀತಿಲ್ಲ. ದಾಕ್ಷಿಣ್ಯ ಇಟ್ಕೋಬೇಡಿ.

ಹಳೇ ಓದುಗ, ಮೈಸೂರು:

ಮೇಷ್ಟ್ರೇ, ಮೊದಲು ಆ ಪದದ ಭಯ ಬಿಡಿ. 1925ರಲ್ಲಿ ಫ್ರಾಂಜ್ ರೋ ಎಂಬ ಜರ್ಮನ್ ಕಲಾ ವಿಮರ್ಶಕ ಅದನ್ನು ಬಳಸಿದ್ದು ಕಥೆಗಳಿಗಲ್ಲ, ಚಿತ್ರಗಳಿಗೆ. ಮೇಜು, ಕಿಟಕಿ, ಬೀದಿ, ಎಲ್ಲವೂ ಇದ್ದ ಹಾಗೇ ಇದ್ದು, ಆದರೂ ಅವನ್ನು ಇವತ್ತೇ ಮೊದಲ ಸಲ ಕಂಡ ಹಾಗೆ ತೋರಿಸುವ ಚಿತ್ರಗಳು. 1949ರಲ್ಲಿ ಕ್ಯೂಬಾದ ಲೇಖಕ ಅಲೆಹೊ ಕಾರ್ಪೆಂಟಿಯರ್ ತನ್ನ ಕಾದಂಬರಿಯೊಂದರ ಮುನ್ನುಡಿಯಲ್ಲಿ ಬೇರೆ ಮಾತು ಹೇಳಿದ. ನಮ್ಮ ನೆಲದಲ್ಲಿ ಬೆರಗನ್ನು ಬರಹಗಾರ ಕಟ್ಟಬೇಕಿಲ್ಲ, ಅದು ಜನರ ಬದುಕಲ್ಲೇ, ನಂಬಿಕೆಯಲ್ಲೇ ಇದೆ ಅನ್ನುವುದು ಅವನ ವಾದದ ತಿರುಳು.

ಈಗ ನಮ್ಮ ಸೀಮೆಯನ್ನೇ ನೋಡಿ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣ ಹಿಡಿದರು, ಇದು ಇತಿಹಾಸ. ಅಲ್ಲಿ ಆಳುತ್ತಿದ್ದ ವಿಜಯನಗರದ ಪ್ರತಿನಿಧಿಯ ಹೆಂಡತಿ ಅಲಮೇಲಮ್ಮ ಒಡವೆ ಕಟ್ಟಿಕೊಂಡು ಹೊಳೆಗೆ ಹಾರುವಾಗ 'ತಲಕಾಡು ಮರಳಾಗಲಿ, ಮಾಲಂಗಿ ಮಡುವಾಗಲಿ, ಮೈಸೂರು ದೊರೆಗಳಿಗೆ ಮಕ್ಕಳಾಗದೆ ಹೋಗಲಿ' ಎಂದಳು, ಇದು ಐತಿಹ್ಯ. ನಮ್ಮ ಕಡೆಯ ಯಾರನ್ನಾದರೂ ಕೇಳಿ, ಎರಡನ್ನೂ ಒಂದೇ ಉಸಿರಲ್ಲಿ ಹೇಳುತ್ತಾರೆ. ಇತಿಹಾಸ ಎಲ್ಲಿ ಮುಗಿಯಿತು, ಶಾಪ ಎಲ್ಲಿ ಶುರುವಾಯಿತು ಅಂತ ದನಿ ಬದಲಾಗುವುದಿಲ್ಲ. ತಲಕಾಡಿನ ಮರಳು ಕಣ್ಣೆದುರಿಗೇ ಇದೆಯಲ್ಲ! ನಿಮಗೆ ಬೇಕಾದ ದನಿ ಅದು. ಹಾಗಾಗಿ ಮಣ್ಣಿಗೆ ಒಗ್ಗುವುದಿಲ್ಲ ಎಂಬ ಮಾತು ಬೇಡ.

ಅಡಗೂಲಜ್ಜಿ ಕಥೆಗೂ ಇದಕ್ಕೂ ಏನು ವ್ಯತ್ಯಾಸ ಅಂತ ಯಾರಾದರೂ ಕೇಳಿಯಾರು. ಅಜ್ಜಿ ಕಥೆಯ ರಾಜಕುಮಾರನಿಗೆ ಊರಿಲ್ಲ, ರೇಷನ್ ಕಾರ್ಡಿಲ್ಲ. ನಿಮ್ಮ ಹುಡುಗನಿಗೆ ಬಸ್ ಪಾಸ್ ಇದೆ, ಕಬ್ಬಿನ ಬಾಕಿ ಹಣ ಬರಬೇಕಾದ ಅಪ್ಪ ಇದ್ದಾನೆ. ಅಂಥವನ ಪಕ್ಕದಲ್ಲಿ ಒಂದು ಅಂಗೈ ಬೆಳಗಿದರೆ ಮಾತ್ರ ಅದಕ್ಕೆ ತೂಕ.

ನಂಜನಗೂಡಿನವಳು:

ಮೇಷ್ಟ್ರೇ, ನಿಮ್ಮ ಕಥೆಯಲ್ಲಿ ಅಂಗೈ ಬೆಳಗಿದ್ದು ನನಗೆ ಇಷ್ಟ ಆಯ್ತು. ಆದರೆ ಬೆಳಗಿ ಏನು ಮಾಡ್ತು? ಏನೂ ಮಾಡಲಿಲ್ಲ. ಚೆಂದಕ್ಕೆ ಇದೆ. ಸುಳ್ಳು ಅಂತ ನಿಮಗೆ ಅನ್ನಿಸಿದ್ದು ಅದಕ್ಕೇ ಇರಬೇಕು.

ನಮ್ಮಲ್ಲಿ ಬೆಳಕಿಗೆ ಬಾಯಿದೆ. ಆರಿಸಿದ ದೀಪಗಳ ಕುಡಿಗಳೆಲ್ಲ ರಾತ್ರಿ ಗುಡಿಯಲ್ಲಿ ಸೇರಿ ತಂತಮ್ಮ ಮನೆಯ ಸುದ್ದಿ ಮಾತಾಡೋ ಜನಪದ ಕಥೆ ಕೇಳಿರ್ತೀರಿ. ಒಬ್ಬ ಹೆಂಗಸಿಗೆ ಒಂದು ಕಥೆ, ಒಂದು ಹಾಡು ಗೊತ್ತಿರುತ್ತೆ, ಅವಳು ಯಾರಿಗೂ ಹೇಳೋದಿಲ್ಲ. ಒಳಗೇ ಕೊಳೆತ ಕಥೆ ಆಚೆ ಬಂದು ಒಂದು ಜೊತೆ ಮೆಟ್ಟಾಗುತ್ತೆ, ಹಾಡು ಗಂಡಸಿನ ಕೋಟಾಗುತ್ತೆ. ಗಂಡ ನೋಡಿ ಅನುಮಾನ ಪಡ್ತಾನೆ, ಜಗಳ ಆಡಿ ಗುಡಿಯಲ್ಲಿ ಮಲಗೋಕೆ ಹೋಗ್ತಾನೆ. ಅಲ್ಲಿ ಅವನ ಮನೆ ದೀಪವೇ ತಡವಾಗಿ ಬಂದು ನಿಜ ಹೇಳುತ್ತೆ. ಮಾಯೆ ಇಲ್ಲಿ ಅಲಂಕಾರ ಅಲ್ಲ. ಹೆಣ್ಣು ನುಂಗಿಕೊಂಡ ಮಾತಿಗೆ ಮೈ ಬಂದಿದೆ.

ದೇವನೂರ ಮಹಾದೇವ ಅವರ 'ಕುಸುಮಬಾಲೆ'ಯಲ್ಲಿ ಅದೇ ದೀಪಗಳು ಜೋತಮ್ಮಂದಿರಾಗಿ ಬರ್ತಾರೆ. 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದ ಪುಸ್ತಕ, ನಮ್ಮ ನಂಜನಗೂಡು ಸೀಮೆಯ ಮಾತಲ್ಲೇ ಇದೆ. ಅಲ್ಲಿ ಮಂಚವೂ ಮಾತಾಡುತ್ತೆ. ಮೇಲ್ಜಾತಿಯ ಕುಸುಮ, ದಲಿತರ ಹುಡುಗ ಚೆನ್ನ, ಪ್ರೀತಿ, ಕೊಲೆ. ಕೊಲೆಯನ್ನ ಜೋತಮ್ಮಂದಿರು ಮುಚ್ಚಿ ಹಾಕೋದಿಲ್ಲ. ಮನುಷ್ಯರು ಬಾಯಿ ಮುಚ್ಚಿಕೊಂಡ ಊರಲ್ಲಿ ಮಾತಾಡೋ ಕೆಲಸ ದೀಪಕ್ಕೆ ಬಂದಿದೆ, ಅಷ್ಟೇ.

ಇನ್ನೊಂದು ಹೇಳಿ ಮುಗಿಸ್ತೀನಿ. ಹುಡುಗಿ ಹೂವಿನ ಗಿಡವಾಗೋ ಕಥೆ. ಮೈಸೂರಲ್ಲಿ 1929ರಲ್ಲಿ ಹುಟ್ಟಿದ ಎ.ಕೆ. ರಾಮಾನುಜನ್ ಅದನ್ನ ಕನ್ನಡ ಸೀಮೆಯಲ್ಲೇ ಸಂಗ್ರಹಿಸಿದ್ದು. ಒಂದು ಬಿಂದಿಗೆ ನೀರು ಸುರಿದರೆ ಗಿಡ, ಇನ್ನೊಂದು ಬಿಂದಿಗೆ ಸುರಿದರೆ ಮತ್ತೆ ಹುಡುಗಿ. ಹೂ ಕೀಳೋರು ಎಲೆ, ರೆಂಬೆ ಹರೀಬಾರದು. ಮದುವೆ ಆದ ಮೇಲೆ ನಾದಿನಿ ಮತ್ತವಳ ಗೆಳತಿಯರು ಒತ್ತಾಯ ಮಾಡಿ ಗಿಡವಾಗಿಸ್ತಾರೆ, ರೆಂಬೆ ಮುರೀತಾರೆ, ನೀರು ಸರಿಯಾಗಿ ಸುರಿಯದೆ ಓಡ್ತಾರೆ. ಹುಡುಗಿ ಕೈಕಾಲಿಲ್ಲದ ಮುಂಡವಾಗಿ ಚರಂಡಿಯಲ್ಲಿ ಬೀಳ್ತಾಳೆ. ಚಿಕ್ಕವಳಿದ್ದಾಗ ಕೇಳಿ ನಾನು ಮೂರು ದಿನ ಹೂ ಮುಡಿಯಲಿಲ್ಲ. ಮೈ ನೆರೆದ ವಯಸ್ಸಲ್ಲಿ ನಮ್ಮ ಮೈಮೇಲೆ ಎಷ್ಟು ಜನರ ಕೈ, ಎಷ್ಟು ಜನರ ಕಣ್ಣು ಅಂತ ಇದಕ್ಕಿಂತ ನೇರವಾಗಿ ಯಾರೂ ನನಗೆ ಹೇಳಿರಲಿಲ್ಲ. ಆ ಕಥೆ ಕಚ್ಚೋದು ಬಿಂದಿಗೆ ನೀರಿನ ಕಟ್ಟಳೆಯಿಂದ. ನಿಮ್ಮ ಅಂಗೈಗೂ ಒಂದು ಕಟ್ಟಳೆ ಬೇಕು. ಯಾವಾಗ ಬೆಳಗುತ್ತೆ, ಯಾರಿಂದ, ಯಾರು ತೆರಬೇಕು?

ನಾಲೆ ಏರಿ ಮನೆ:

ನಾನು ಕಥೆಗಿತೆ ಬರೆಯೋನಲ್ಲ. ಒಂದೇ ಮಾತು ಹೇಳ್ಬೇಕು ಅಂತ ಬಂದೆ.

ಮೇಷ್ಟ್ರೇ, ದಯವಿಟ್ಟು ಆ ಕೊನೆ ತೆಗೀರಿ.

ನಮ್ಮನೆ ವಿ.ಸಿ. ನಾಲೆ, ಅಂದ್ರೆ ವಿಶ್ವೇಶ್ವರಯ್ಯ ನಾಲೆ ಪಕ್ಕ. 2018ರ ನವೆಂಬರಲ್ಲಿ ಕನಗನಮರಡಿ ಹತ್ರ ಬಸ್ ನಾಲೆಗೆ ಬಿದ್ದು 30 ಜನ ಹೋದ್ರು. ಅದರಲ್ಲಿ ಸ್ಕೂಲ್ ಮಕ್ಕಳೂ ಇದ್ರು. ನಮ್ಮ ಕಡೆಯವರಿಗೆ ನಾಲೆ ಅಂದ್ರೆ ಕಣ್ಮುಂದೆ ಬರೋದು ಅದು. ಅದಕ್ಕೂ ಮುಂಚೆ ನಮ್ಮ ಚಿಕ್ಕಪ್ಪನ ಮಗಳು. ಹದಿನೇಳು ವರ್ಷ. ಪ್ರೀತಿ ವಿಚಾರಾನೇ. ಎರಡು ದಿನ ಹುಡುಕಿದ್ವಿ, ಗೇಟ್ ಇಳಿಸಿ ನೀರು ಕಮ್ಮಿ ಮಾಡ್ಸಿದ ಮೇಲೆ ಸಿಕ್ಕಿದ್ದು. ನೀರಡಿ ಬೆಳಕೂ ಇರಲಿಲ್ಲ, ಏನೂ ಇರಲಿಲ್ಲ. ಜೊಂಡಿತ್ತು. ಚಿಕ್ಕಮ್ಮ ಈಗ್ಲೂ ನಾಲೆ ಕಡೆ ಬಾಗಿಲು ತೆಗೆಯೋದಿಲ್ಲ.

ಹದಿನಾರು ವರ್ಷದ ಹುಡುಗಿ ನಿಮ್ಮ ಕಥೆ ಓದಿ, ಸತ್ತರೆ ಬೆಳಕಾಗ್ತೀವಿ, ಊರು ನಮ್ಮನ್ನ ನೋಡುತ್ತೆ ಅಂದ್ಕೊಂಡ್ರೆ? ಅವಳಿಗೆ ಮನೇಲಿ ಯಾರೂ ನೋಡದೆ ಇರೋದೇ ಕಷ್ಟ ಅಲ್ವಾ. ಸಾವನ್ನ ಚೆಂದ ಮಾಡಬೇಡಿ. ಇದನ್ನ ಓದೋ ಮಕ್ಕಳು ಯಾರಾದ್ರೂ ಹಂಗೆ ಯೋಚನೆ ಮಾಡ್ತಿದ್ರೆ 14416ಕ್ಕೆ ಫೋನ್ ಮಾಡಿ, ಸರ್ಕಾರದ್ದೇ, ಟೆಲಿ ಮಾನಸ್ ಅಂತ, ಕನ್ನಡದಲ್ಲೇ ಮಾತಾಡಬಹುದು. ನಮ್ಮ ಹುಡುಗಿ ಹೋದಾಗ ಅದಿರಲಿಲ್ಲ.

ಮದ್ದೂರು ಸೀಮೆ ಮೇಷ್ಟ್ರು:

ನಿಮ್ಮ ಮಾತು ಓದಿ ರಾತ್ರಿ ನಿದ್ದೆ ಬರಲಿಲ್ಲ. ಕೊನೆ ತೆಗೆದುಬಿಟ್ಟೆ. ಮೂರು ವರ್ಷದಿಂದ ಆ ಎರಡು ಬೆಳಕಿನ ಚಿತ್ರವನ್ನೇ ಅಪ್ಪಿಕೊಂಡು ಕೂತಿದ್ದೆ. ಕಥೆಯ ಅತಿ ಕಷ್ಟದ ಜಾಗ ಬಂದಾಗ ಅಲ್ಲಿ ನಿಲ್ಲೋ ಧೈರ್ಯ ಸಾಲದೆ ಮಾಯೆಯನ್ನ ಕರೆದು ದಾಟಿಕೊಂಡೆ ಅಂತ ಈಗ ಕಾಣ್ತಿದೆ. ನಿಮ್ಮ ಚಿಕ್ಕಮ್ಮನ ಬಾಗಿಲಿನ ಮಾತು ಹೇಳಿದ್ದಕ್ಕೆ ನಿಮಗೆ ಕೈಮುಗೀತೀನಿ.

ಸೆಕೆಂಡ್ ಪಿಯು:

ಸರ್ ನಮಸ್ತೆ. ನಾನು ಮೈಸೂರಲ್ಲಿ ಹಾಸ್ಟೆಲ್‌ನಲ್ಲಿ ಇದ್ದು ಓದ್ತಿದ್ದೀನಿ, ಊರು ಪಾಂಡವಪುರ ಕಡೆ. ದೊಡ್ಡವರ ಮಧ್ಯೆ ಮಾತಾಡ್ತಿದ್ದೀನಿ, ತಪ್ಪಿದ್ರೆ ಕ್ಷಮಿಸಿ.

ನೀವೆಲ್ಲ ಕತ್ತಲು ಅಂದ್ರೆ ಕೆಟ್ಟದ್ದು, ಬೆಳಕು ಅಂದ್ರೆ ಪ್ರೀತಿ ಅಂತ ಇಟ್ಕೊಂಡು ಮಾತಾಡ್ತಿದ್ದೀರಿ ಅನ್ನಿಸ್ತು. ನಮಗೆ ಹಂಗಿಲ್ಲ ಸರ್. ಮನೇಲಿ ಲೈಟ್ ಇದ್ದಷ್ಟು ಹೊತ್ತೂ ಯಾರಾದ್ರೂ ನೋಡ್ತಾನೇ ಇರ್ತಾರೆ. ಫೋನ್ ಅಣ್ಣನ ಕೈಯಲ್ಲಿ. ಬಸ್ ಸ್ಟ್ಯಾಂಡಲ್ಲಿ ಯಾರ ಪಕ್ಕ ನಿಂತಿದ್ದೆ ಅಂತ ನಾನು ಮನೆ ಸೇರೋದ್ರೊಳಗೆ ಅಪ್ಪಂಗೆ ಗೊತ್ತಾಗಿರುತ್ತೆ. ಕರೆಂಟ್ ಹೋದ ಹತ್ತು ನಿಮಿಷ ಮಾತ್ರ ನನ್ನ ಮುಖ ನಂದು. ಆಗ ನಗಬಹುದು, ಅಳಬಹುದು, ಯಾಕೆ ಅಂತ ಕೇಳೋರಿಲ್ಲ. ಪ್ರೀತಿ ಇರೋದೇ ಕತ್ತಲಲ್ಲಿ. ಲೈಟ್ ಬಂತು ಅಂದ ತಕ್ಷಣ ಎಲ್ಲರೂ 'ಅಬ್ಬ' ಅಂತಾರೆ, ನಾನು ಮುಖ ಸರಿ ಮಾಡ್ಕೊಳ್ತೀನಿ.

ಇನ್ನೊಂದು. ದಸರಾ ಟೈಮಲ್ಲಿ ಫ್ರೆಂಡ್ಸ್ ಜೊತೆ ಅರಮನೆ ಲೈಟಿಂಗ್ ನೋಡೋಕೆ ಹೋಗಿದ್ದೆ. ಲಕ್ಷದ ಹತ್ತಿರ ಬಲ್ಬ್ ಅಂತಾರಲ್ಲ. ಎಲ್ಲರೂ ಹತ್ತೋದನ್ನ ವಿಡಿಯೋ ಮಾಡ್ತಾರೆ. ನನಗೆ ನೆನಪಿರೋದು ಆರಿದ್ದು. ಒಂದೇ ಸಲ ಎಲ್ಲ ಹೋಯ್ತು, ಅಷ್ಟು ಜನ ಒಂದು ಕ್ಷಣ ಸುಮ್ಮನಾದ್ರು, ಯಾರೋ ನನ್ನ ಕಿರುಬೆರಳು ಹಿಡ್ಕೊಂಡ್ರು. ಯಾರು ಅಂತ ನನಗೆ ಗೊತ್ತಿತ್ತು. ಅಷ್ಟೇ ಸರ್.

ಅದಕ್ಕೇ ನಿಮ್ಮ ಕಥೆ ಹುಡುಗಿ ಅಂಗೈ ಬೆಳಗುತ್ತೆ ಅಂದಾಗ ನನಗೆ ಚೆಂದ ಅನ್ನಿಸಲಿಲ್ಲ, ಭಯ ಆಯ್ತು. ಪಾಪ, ಇದ್ದ ಒಂದು ಕತ್ತಲೂ ಹೋಯ್ತಲ್ಲ ಅನ್ನಿಸ್ತು.

ನಂಜನಗೂಡಿನವಳು:

ಪುಟ್ಟಿ, ತಪ್ಪೇನೂ ಇಲ್ಲ ಕಣಮ್ಮ. ನಾವು ಇಷ್ಟುದ್ದ ಬರೆದದ್ದಕ್ಕಿಂತ ನಿನ್ನ ಕೊನೇ ಸಾಲು ದೊಡ್ಡದು. ಮೇಷ್ಟ್ರೇ, ಕಟ್ಟಳೆ ಸಿಕ್ತಲ್ಲ! ಅಂಗೈ ಬೆಳಗೋದು ವರ ಅಲ್ಲ, ಚಾಡಿ.

ಶಿಂಷಾ ದಡ, ಮಳವಳ್ಳಿ:

ಈ ಹುಡುಗಿ ಹೇಳಿದ್ದಕ್ಕೆ ನನ್ನದೊಂದು ಸೇರಿಸ್ತೀನಿ. ನಾನು ಲೈನ್ ಕೆಲಸ ಮಾಡಿದವನು, ಕತ್ತಲು ಬೆಳಕು ನನಗೆ ಹೊಟ್ಟೆಪಾಡು.

ನಮ್ಮ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲೇ ಕರೆಂಟ್ ತೆಗೆದರು. ಅದು ಹೋಗಿದ್ದು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ. 1905ಕ್ಕೆ ಬೆಂಗಳೂರಿನ ಬೀದಿಗೆ ದೀಪ ಬಂತು, 1908ಕ್ಕೆ ಮೈಸೂರಿಗೆ. ತಂತಿ ತಲೆ ಮೇಲೇ ಹಾದು ಹೋಗ್ತಿದ್ರೂ ಕೆಳಗಿನ ಹಳ್ಳಿಗಳಲ್ಲಿ ಎಷ್ಟೋ ವರ್ಷ ಸೀಮೆಎಣ್ಣೆ ಬುಡ್ಡಿ. ನಮ್ಮ ತಾತ ತಂತಿ ಕೆಳಗೆ ನಿಂತು 'ಹೊಳೆ ಮೇಲ್ಗಡೆ ಓಯ್ತಾದೆ ಕಣ್ಲಾ, ಕೇಳಿಸ್ಕೋ' ಅಂತಿದ್ರಂತೆ. ತಂತಿಯೊಳಗೆ ಕಾವೇರಿ ಹರಿಯೋದು ಅವರಿಗೆ ನಿಜವಾಗ್ಲೂ ಕೇಳಿಸ್ತಿತ್ತು. ಮಾಯೆ ಬೇಕು ಅನ್ನೋರು ಇದನ್ನ ತಗೊಳ್ಳಿ.

ಮೇಷ್ಟ್ರೇ, ನಿಮ್ಮ ಕಥೆಯಲ್ಲಿ ಒಂದು ತಪ್ಪಿದೆ. ಈಗ ಸರ್ಕಾರದ ನಿರಂತರ ಜ್ಯೋತಿ ಯೋಜನೆ ಆದ ಮೇಲೆ ಊರಿನ ಮನೆಗಳ ಲೈನೇ ಬೇರೆ, ಪಂಪ್‌ಸೆಟ್ ಲೈನೇ ಬೇರೆ. ಮೋಟಾರ್‌ಗೆ ತ್ರೀ ಫೇಸ್ ಬರೋದಕ್ಕೂ ಮನೇಲಿ ಕರೆಂಟ್ ಹೋಗೋದಕ್ಕೂ ಸಂಬಂಧ ಇಲ್ಲ. ಊರು ನಾಲ್ಕು ದಿನ ಕತ್ತಲಲ್ಲಿ ಇರಬೇಕು ಅಂದ್ರೆ ಊರ ಟಿಸಿ, ಅಂದ್ರೆ ಟ್ರಾನ್ಸ್‌ಫಾರ್ಮರ್, ಸುಡಬೇಕು. ಗಾಳಿಮಳೆ, ಸಿಡಿಲು, ಟಿಸಿ ಢಮಾರ್, ಬೇರೆ ಟಿಸಿ ಬರೋವರೆಗೆ ಊರೆಲ್ಲ ಕಪ್ಪು. ಅದೇ ಹೊತ್ತಲ್ಲಿ ಗದ್ದೆ ಕಡೆ ಮೋಟಾರ್ ಮನೆಯಲ್ಲಿ ಹುಡುಗನ ಬಲ್ಬ್ ಉರೀತಿರಬಹುದು. ಇದು ನಿಮಗೆ ಉಪಯೋಗಕ್ಕೆ ಬರುತ್ತೆ ನೋಡಿ.

ಮತ್ತೊಂದು ಮಾತು, ಇದು ಮುಖ್ಯ. ಪುಟ್ಟಿ ಹೇಳಿದ ಕತ್ತಲು ಹುಡುಗಿಯ ಕತ್ತಲು. ಹುಡುಗನ ಕತ್ತಲು ಅದೇ ಅಲ್ಲ. ನಿಮ್ಮ ಹುಡುಗ ಯಾವ ಬೀದಿಯವನು ಅಂತ ನೀವು ಬರೆದೇ ಇಲ್ಲ. ನಾನು ಕೇರಿಯಲ್ಲಿ ಹುಟ್ಟಿ ಬೆಳೆದವನು. ಹದಿನೇಳರಲ್ಲಿ ಸಂಜೆ ಏಳರ ಮೇಲೆ ಮೇಲಿನ ಬೀದಿಯಲ್ಲಿ ಹಾದು ಹೋಗಬೇಕಾದ್ರೆ ಅವ್ವ ಜೋರಾಗಿ ಕೆಮ್ಮುತ್ತಾ ಹೋಗು ಅಂತಿದ್ಲು. ಕಳ್ಳನಂಗೆ ಸದ್ದಿಲ್ದೆ ಹೋದ ಅಂತ ಯಾರೂ ಹೇಳಬಾರದು ಅಂತ. ಕತ್ತಲಲ್ಲಿ ಅವಳಿಗೆ ಬಿಡುಗಡೆ ಸಿಗೋ ಹೊತ್ತಿಗೆ ಇವನಿಗೆ ಕೊರಳಿಗೆ ಹಗ್ಗ. ಇದನ್ನ ಬರೆಯದೆ ಬರೀ 'ಮನೆಯವರ ವಿರೋಧ' ಅಂದ್ರೆ ನಾನು ಒಪ್ಪೋದಿಲ್ಲ.

ಹಳೇ ಓದುಗ, ಮೈಸೂರು:

ಶಿಂಷಾ ಅವರ ಮಾತು ಒಪ್ಪುತ್ತೇನೆ, ಆದರೆ ಒಂದು ಎಚ್ಚರ. ಜಾತಿಯನ್ನು ಹೆಸರು ಹಿಡಿದು ವಿವರಿಸಲು ಹೊರಟರೆ ಕಥೆ ವರದಿಯಾಗುತ್ತದೆ. ಕೆಮ್ಮು ಸಾಕು.

ಶಿಂಷಾ ದಡ, ಮಳವಳ್ಳಿ:

ಸಾ, ಕೆಮ್ಮು ಸಾಕು ಅನ್ನೋದು ನಿಮಗೆ. ಯಾಕೆ ಕೆಮ್ಮಿದ ಅಂತ ಗೊತ್ತಿಲ್ದೆ ಇರೋ ಓದುಗರೂ ಇದ್ದಾರೆ. ಒಂದು ಕಡೆಯಾದ್ರೂ ಬಾಯಿ ಬಿಟ್ಟು ಹೇಳ್ಲಿ.

ಹಳೇ ಓದುಗ, ಮೈಸೂರು:

ಯೋಚನೆ ಮಾಡಿದೆ. ನೀವು ಹೇಳಿದ್ದೇ ಸರಿ. 'ಕುಸುಮಬಾಲೆ'ಯ ದೀಪಗಳೂ ಬಾಯಿ ಬಿಟ್ಟೇ ಹೇಳುತ್ತವೆ.

ನಾಲೆ ಏರಿ ಮನೆ:

ಮೇಷ್ಟ್ರೇ, ಆ ಹುಡುಗಿಗೆ ಅಮ್ಮ ಇಲ್ವಾ? ನಿಮ್ಮ ಕಥೆಯಲ್ಲಿ ಅಪ್ಪ, ಮಾವ, ಊರು ಎಲ್ಲ ಬಂತು. ನಮ್ಮ ಚಿಕ್ಕಮ್ಮ ಇವತ್ತೂ ಹೇಳೋದು ಒಂದೇ, ನಂಗೆ ಗೊತ್ತಿತ್ತು, ಗೊತ್ತಿದೆ ಅಂತ ಅವಳಿಗೆ ಹೇಳ್ಲಿಲ್ಲ ಅಂತ.

ಮದ್ದೂರು ಸೀಮೆ ಮೇಷ್ಟ್ರು:

ಹನ್ನೆರಡು ದಿನ ಆಯ್ತು. ಮತ್ತೆ ಮೊದಲಿಂದ ಬರೆದೆ. ಪೂರ್ತಿ ಇಲ್ಲಿ ಹಾಕೋದಿಲ್ಲ, ನೀವು ಕೊಟ್ಟ ಭಾಗಗಳನ್ನ ಮಾತ್ರ ಹಾಕ್ತೀನಿ. ಕಟ್ಟಳೆ ಈಗ ಹೀಗಿದೆ: ಅವನು ಅವಳನ್ನ ನೆನೆದಾಗ ಮಾತ್ರ ಅವಳ ಅಂಗೈ ಬೆಳಗುತ್ತೆ. ಅವಳ ಕೈಯಲ್ಲಿ ಏನೂ ಇಲ್ಲ. ಕರೆಂಟ್ ಇದ್ದಾಗ ಯಾರಿಗೂ ಕಾಣೋದಿಲ್ಲ. ಊರ ಟಿಸಿ ಸುಟ್ಟ ಮೂರನೇ ರಾತ್ರಿ ಇದು.

'ಊಟಕ್ಕೆ ಕೂತಿದ್ದರು. ಮೇಣದಬತ್ತಿ ಅಪ್ಪನ ಕಡೆ ಇತ್ತು. ಅವಳು ಮುದ್ದೆ ಮುರಿಯಲು ಕೈ ಚಾಚಿದಳು, ತಟ್ಟೆಯ ಅಂಚು ಹಳದಿಗೆ ತಿರುಗಿತು. ಮಾವ ತಲೆ ಎತ್ತಿದ. ಅವ್ವ ಸೌಟಿನ ತುಂಬ ಸೊಪ್ಪಿನ ಸಾರು ತೆಗೆದು ಅವಳ ಕೈಮೇಲೇ ಸುರಿದುಬಿಟ್ಟಳು. "ಅಯ್ಯೋ, ಕಾಣ್ಲಿಲ್ಲ ಕನವ್ವ. ಏಳು, ತೊಳ್ಕೊ ಬಾ." ಬಚ್ಚಲಲ್ಲಿ ಅವ್ವ ಒಲೆಯ ಮಸಿ ತೆಗೆದು ಸುಟ್ಟ ಅಂಗೈಗೆ ಮೆತ್ತಿದಳು. ಹರಳೆಣ್ಣೆ ಸೇರಿಸಿ ಇನ್ನೊಂದು ಸಲ ಮೆತ್ತಿದಳು. ಬೆರಳ ಸಂದಿಯಿಂದ ಬೆಳಕು ಇನ್ನೂ ಜಿನುಗುತ್ತಿತ್ತು. ಅವ್ವ ಅದನ್ನು ಬಹಳ ಹೊತ್ತು ನೋಡಿದಳು. "ಹೊಲಗೇರಿ ಹುಡುಗನಲ್ವಾ," ಅಂದಳು. ಹುಡುಗಿ ಉಸಿರು ಬಿಡಲಿಲ್ಲ. "ನಿಮ್ಮಪ್ಪಂಗೆ, ಮಾವಂಗೆ ಗೊತ್ತಾದ್ರೆ ಅವನನ್ನ ಉಳ್ಸಕಿಲ್ಲ. ಅವನಿಗೆ ಹೇಳು, ಉಣ್ಣೋ ಹೊತ್ತಲ್ಲಿ ನೆನೀಬೇಡ ಅಂತ. ಹತ್ತು ಗಂಟೆ ಮೇಲೆ ನೆನೀಲಿ. ಅಷ್ಟೊತ್ತಿಗೆ ಇವ್ರೆಲ್ಲ ಮಲಗಿರ್ತಾರೆ."'

ಕಥೆ ಮುಗಿಯೋದು ಮೋಟಾರ್ ಮನೆಯಲ್ಲಿ. ಮಾರನೆಯ ರಾತ್ರಿ, ಹತ್ತಕ್ಕೆ ಇನ್ನೂ ಇಪ್ಪತ್ತು ನಿಮಿಷ. ದೂರದಲ್ಲಿ ಅವಳ ಊರು ಪೂರ್ತಿ ಕಪ್ಪಾಗಿ ಕಾಣ್ತಿದೆ. ಈಗ ನೆನೆದರೆ ಅವಳು ಸಿಕ್ಕಿಬೀಳ್ತಾಳೆ ಅಂತ ಅವನಿಗೆ ಗೊತ್ತು. ನೆನೆಯದೆ ಇರೋಕೆ ಅವನು ಕನ್ನಂಬಾಡಿ ಕಟ್ಟೆಯ ನೀರಿನ ಮಟ್ಟ ಎಣಿಸ್ತಾನೆ, ತುಂಬಿದಾಗಿನ 124.80 ಅಡಿಯಿಂದ ಒಂದೊಂದೇ ಅಡಿ ಕೆಳಗೆ ಇಳೀತಾ. ಅಲ್ಲಿಗೆ ಬಿಟ್ಟಿದ್ದೀನಿ.

ನಾಲೆ ಏರಿ ಮನೆ:

ಓದಿದೆ. ಚಿಕ್ಕಮ್ಮಂಗೂ ಓದಿ ಹೇಳಿದೆ. ಸಾರು ಸುರಿದಳು ಅಂದಾಗ ನನ್ನ ಕೈ ಹಿಡ್ಕೊಂಡ್ರು.

ಶಿಂಷಾ ದಡ, ಮಳವಳ್ಳಿ:

ಬಾಯಿ ಬಿಟ್ಟು ಹೇಳಿದ್ರಿ, ಅದೂ ಅವ್ವನ ಬಾಯಲ್ಲಿ. ಹುಡುಗನ ಮೋಟಾರ್ ಮನೆ ಬಲ್ಬ್ ಅವಳ ಊರಿಗೆ ಕಾಣುತ್ತೆ ಅನ್ನೋದನ್ನೂ ಸೇರಿಸಿ. ಅವಳು ಅದನ್ನೇ ನೋಡ್ತಾ ಕೂತಿರ್ತಾಳೆ.

ಸೆಕೆಂಡ್ ಪಿಯು:

ಸರ್, ಎರಡು ಸಲ ಓದಿದೆ. ಹಾಸ್ಟೆಲ್‌ನಲ್ಲಿ ರೂಮಿನವರಿಗೂ ಓದಿದೆ.

ಒಂದೇ ಒಂದು ಸರ್. ಅವನು ಕಟ್ಟೆ ಮಟ್ಟ ಎಣಿಸ್ತಾನೆ ಅಂದ್ರಲ್ಲ, ಅದು ಅಪ್ಪಂದಿರು ಪೇಪರಲ್ಲಿ ನೋಡೋದು. ಯಾರನ್ನೋ ನೆನೆಯಬಾರದು ಅಂದಾಗ ನಾವು ಬಸ್ ಸ್ಟಾಪ್ ಹೇಳ್ಕೊಳ್ತೀವಿ. ಇವರು ಮಂಡ್ಯ ಮದ್ದೂರು ಬಸ್ಸಲ್ಲಿ ಓಡಾಡೋರು ಅಂದ್ರೆ, ಉಮ್ಮಡಹಳ್ಳಿ ಗೇಟ್, ಹನಕೆರೆ, ಗೆಜ್ಜಲಗೆರೆ, ಹಿಂಗೆ ಒಂದಾದ ಮೇಲೆ ಒಂದು. ಅವಳು ಇಳಿಯೋ ಸ್ಟಾಪ್ ಬಂದಾಗ ಅದನ್ನೊಂದು ಬಿಟ್ಟು, ಮತ್ತೆ ಮೊದಲಿಂದ.